ಅಟ್ಟದ ಮೇಲಿನ ಒಂಟಿ ಸೀನು

ಅಟ್ಟ ಹತ್ತುವ ಕೆಲಸದಲ್ಲಿ ಹೇಳಿಕೊಳ್ಳಲು ಏನಾದರೊಂದು ಸಿಗದ ವಾರವೇ ಇಲ್ಲ. ಹೇಳಿಕೊಳ್ಳಲು ಯಾರಾದರೊಬ್ಬರು ಸಿಗದ ವಾರಗಳು ಬೇಕಾದಷ್ಟಿವೆ. ಲಂಡನ್ನಿಗೆ ಬಂದು ಎರಡು ವರ್ಷವಾಯಿತು. ಈ ಊರಲ್ಲಿ ನನಗೆ ಮನುಷ್ಯರಿಗಿಂತ ಅವರ ಅಟ್ಟಗಳ ಪರಿಚಯ ಜಾಸ್ತಿ. ಯಾರು ಮಕ್ಕಳ ತೊಟ್ಟಿಲು ಕೊಡಲಾಗದೆ ಇಟ್ಟುಕೊಂಡಿದ್ದಾರೆ, ಯಾರ ಸೂಟ್‌ಕೇಸಿಗೆ ಇನ್ನೂ ಇಪ್ಪತ್ತು ವರ್ಷದ ಹಿಂದಿನ ವಿಮಾನದ ಚೀಟಿ ಅಂಟಿಕೊಂಡಿದೆ, ಎಲ್ಲ ಗೊತ್ತು. ಅವರ ಹೆಸರು ಮಾತ್ರ ಕೇಳಬೇಡಿ. ಅಷ್ಟು ಮಾತಾಡುವ ಧೈರ್ಯ ಇದ್ದಿದ್ದರೆ ಇದನ್ನು ಬರೆಯುವ ಬದಲು ಯಾರಿಗಾದರೂ ಹೇಳಿಬಿಡುತ್ತಿದ್ದೆ.

೧. ಎಂ.ಎಸ್ಸಿ. ಮಾಡಿ ಅಟ್ಟ ಹತ್ತಿದ್ದು

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ಇಲ್ಲಿಯ ಮನೆಗಳಿಗೆ ಇಳಿಜಾರು ಹೆಂಚಿನ ಮಾಡು, ಅದರ ಕೆಳಗೆ ಅಟ್ಟ. ಇವರು ಲಾಫ್ಟ್ ಅನ್ನುತ್ತಾರೆ. ಚಳಿಗಾಲದಲ್ಲಿ ಮನೆಯ ಬಿಸಿಯೆಲ್ಲ ಆ ದಾರಿಯಲ್ಲೇ ಹೊರಗೆ ಹೋಗುತ್ತದೆ. ಹೋಗದಿರಲೆಂದು ಅಟ್ಟದ ನೆಲದ ಮೇಲೆ ಗೇಣಿಗಿಂತ ದಪ್ಪಕ್ಕೆ ಉಣ್ಣೆಯಂಥ ಹಾಸು ಹಾಸುತ್ತಾರೆ. ಆದರೆ ಕರೆಂಟಿನ ವೈರುಗಳು ಆ ಹಾಸಿನ ಕೆಳಗೆ ಹೂತುಹೋದರೆ ಕಷ್ಟ. ಕರೆಂಟು ಹರಿಯುವ ವೈರು ಬೆಚ್ಚಗಾಗುತ್ತದೆ. ಅದಕ್ಕೆ ಕಂಬಳಿ ಹೊದಿಸಿದರೆ ಬಿಸಿ ಹೋಗಲು ದಾರಿ ಇಲ್ಲದೆ ಒಳಗೊಳಗೇ ಕಾಯ್ದು, ಯಾವತ್ತೋ ಒಂದು ದಿನ ಹೊಗೆ. ಹಾಗಾಗಿ ಹಾಸು ಹಾಸುವ ಮುಂಚೆ ಒಬ್ಬರು ಟಾರ್ಚ್ ಹಿಡಿದು ಮೇಲೆ ಹತ್ತಿ, ಒಂದೊಂದು ವೈರನ್ನೂ ನೋಡಬೇಕು. ಸರಿ ಇಲ್ಲದಿದ್ದರೆ ಕೆಳಗಿಳಿದು ಮನೆಯವರಿಗೆ "ಇವತ್ತು ಆಗಲ್ಲ, ಮೊದಲು ಎಲೆಕ್ಟ್ರಿಷಿಯನ್ ಕರೆಸಿ" ಎನ್ನಬೇಕು. ಆ ಒಬ್ಬರು ನಾನು.

ಬೆಂಗಳೂರಿನಲ್ಲಿರುವ ಅಮ್ಮ ದಿನಾ ಸಂಜೆ ಫೋನು ಮಾಡುತ್ತಾಳೆ. ಮೊದಲ ಪ್ರಶ್ನೆ ಊಟದ್ದಲ್ಲ. "ಇವತ್ತು ಎಷ್ಟು ಜನರ ಜೊತೆ ಮಾತಾಡಿದೆ?" ನಾನು ಬೆರಳು ಮಡಚಿ ಎಣಿಸುತ್ತೇನೆ. ಬಸ್ಸಿಳಿಯುವಾಗ ಡ್ರೈವರ್‌ಗೆ ಥ್ಯಾಂಕ್ಯೂ ಅಂದದ್ದನ್ನೂ ಸೇರಿಸಿಕೊಂಡರೆ ಇಬ್ಬರು.

ಕೆಲಸ ಸಿಕ್ಕ ದಿನ ಅಮ್ಮ ಕೇಳಿದಳು. "ಅಟ್ಟ ಹತ್ತೋಕೆ ಎಂ.ಎಸ್ಸಿ. ಯಾಕೆ ಬೇಕು? ನಾನು ಹಬ್ಬಕ್ಕೆ ದೊಡ್ಡ ಪಾತ್ರೆ ಇಳಿಸೋಕೆ ಹತ್ತಿದಾಗ ಯಾರೂ ಸರ್ಟಿಫಿಕೇಟ್ ಕೇಳ್ಲಿಲ್ಲ."

"ಇದು ಬೇರೆ ಅಮ್ಮ. ಮೇಲೆ ಹತ್ತಿ ವೈರ್ ಸರಿ ಇದೆಯಾ ಅಂತ ನೋಡ್ಬೇಕು."

"ಸರಿ ಇಲ್ಲ ಅಂದ್ರೆ?"

"ಆಗಲ್ಲ ಅಂತ ಹೇಳ್ಬೇಕು."

ಮದುವೆಮನೆಯಲ್ಲಿ ಬಡಿಸುವವರಿಗೆ ಸಾಕು ಎನ್ನಲಾಗದೆ ಆರು ಜಿಲೇಬಿ ತಿಂದು ಜ್ವರ ಬರಿಸಿಕೊಂಡವಳನ್ನು ಹೆತ್ತವಳು ಅವಳು.

"ಯಾರು, ನೀನಾ?" ಅಂದಳು.

೨. ಐದಕ್ಕೆ ಐದು ಸ್ಟಾರ್

ನಾನು ಓದಿದ್ದು ಇಂಗ್ಲಿಷ್ ಮೀಡಿಯಂ. ಕಾರಿಡಾರಿನಲ್ಲಿ ಕನ್ನಡ ಮಾತಾಡಿ ಸಿಕ್ಕಿಬಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಅದರಿಂದ ನನ್ನ ಇಂಗ್ಲಿಷ್ ಸುಧಾರಿಸಲಿಲ್ಲ, ಮಾತು ಕಡಿಮೆಯಾಯಿತು. ಆ ಶಾಲೆ ನನಗೆ ಪ್ಲೀಸ್ ಕಲಿಸಿತು, ಸಾರಿ ಕಲಿಸಿತು, ಮೇ ಐ ಕಮ್ ಇನ್ ಕಲಿಸಿತು. 'ನೋ' ಅನ್ನುವುದು ಸಿಲಬಸ್ಸಿನಲ್ಲಿ ಇರಲಿಲ್ಲ.

ಕೆಲಸಕ್ಕೆ ಸೇರಿ ಮೂರು ತಿಂಗಳಾಗುವ ಹೊತ್ತಿಗೆ ಪಿನ್ನರ್ ಕಡೆಯ ಒಂದು ಮನೆಗೆ ಹೋದೆ. ಒಬ್ಬರೇ ಇರುವ ಇಂಗ್ಲಿಷ್ ತಾತ. ಅಟ್ಟದಲ್ಲಿ ಅವರಷ್ಟೇ ವಯಸ್ಸಾದ ವೈರುಗಳು. ಆ ಕಾಲದಲ್ಲಿ ತಾಮ್ರದ ತಂತಿಗೆ ರಬ್ಬರ್ ಹೊದಿಸುತ್ತಿದ್ದರು. ಬಳುಕಿಸಿದರೆ ಸುಟ್ಟ ಹಪ್ಪಳದ ಹಾಗೆ ಪುಡಿಯಾಗಿ ಉದುರುತ್ತದೆ. ನಾನು ಮುಟ್ಟಲಿಲ್ಲ. ಫೋಟೋ ತೆಗೆದೆ, ಒಂದೊಂದನ್ನೂ ಬರೆದುಕೊಂಡೆ, ವರದಿಗೆ ಕೆಂಪು ಗುರುತು ಹಾಕಿದೆ, ಇಳಿದೆ.

ಇಳಿದರೆ ಟೀ ಸಿದ್ಧ. ಮೇಜಿನ ಮೇಲೆ ಎರಡು ಕಪ್ಪು, ಎರಡು ತಟ್ಟೆ, ಎರಡು ಚಮಚ. ಎರಡನೇ ಕಪ್ಪನ್ನು ಹೊರಗೆ ತೆಗೆದು ಬಹಳ ದಿನವಾಗಿತ್ತೆಂದು ಅದರ ತಳದ ಧೂಳು ನೋಡಿದರೆ ತಿಳಿಯುತ್ತಿತ್ತು. ತಾತ ನನ್ನ ಮುಖ ನೋಡಿ, "ಮೇಲೆ ಎಲ್ಲ ಸರಿ ಇದೆಯಾ?" ಎಂದು ಕೇಳಿದರು.

"ಲವ್ಲಿ" ಅಂದೆ.

ಟೀ ಬಗ್ಗೆ ಹೇಳಿದೆನೋ ವೈರಿನ ಬಗ್ಗೆಯೋ ನನಗೂ ಗೊತ್ತಿಲ್ಲ. ರೂಮಿಗೆ ಬಂದು ಎರಡು ಪುಟದ ಇಮೇಲ್ ಬರೆದೆ. ಬೆಂಕಿ ಎಂಬ ಮಾತನ್ನು ನಾಲ್ಕು ಸಲ ಬಳಸಿದ್ದೆ. ಆ ಇಮೇಲ್ ವಿಳಾಸ ತಾತನದ್ದಲ್ಲ, ದೂರದ ದೇಶದಲ್ಲಿರುವ ಮಗಳದ್ದು, ಅವಳು ರಜೆಯಲ್ಲಿದ್ದಳು. ಮುಂದಿನ ವಾರ ಹಾಸು ಹಾಸುವ ಇಬ್ಬರು ಕೆಲಸಗಾರರು ವ್ಯಾನಿನಲ್ಲಿ ಹೋಗಿ, ಬಾಗಿಲಲ್ಲಿ ವರದಿ ತೆರೆದು ನನ್ನ ಕೆಂಪು ಗುರುತು ನೋಡಿ ವಾಪಸು ಬಂದರು. ತಾತ ಅವರಿಗೂ ಕಪ್ಪು ತೊಳೆದಿಟ್ಟುಕೊಂಡು ಕಾಯುತ್ತಿದ್ದರಂತೆ.

ನಮ್ಮ ಸೂಪರ್‌ವೈಸರ್ ಮೂವತ್ತು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದು, ಮಂಡಿ ಸವೆದ ಮೇಲೆ ಆಫೀಸಿನ ಕುರ್ಚಿಗೆ ಬಂದವರು. ನನ್ನನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದರು.

"ನೀನು ನೋಡಿದ್ದರಲ್ಲಿ ಒಂದು ತಪ್ಪಿಲ್ಲ. ಬರೆದದ್ದರಲ್ಲೂ ಇಲ್ಲ. ಆ ಮನುಷ್ಯನಿಗೊಬ್ಬನಿಗೆ ಹೇಳಿಲ್ಲ, ಅಷ್ಟೇ. ಅಭಿಪ್ರಾಯದ ಚೀಟಿಯಲ್ಲಿ ಅವನು ನಿನಗೆ ಐದಕ್ಕೆ ಐದು ಸ್ಟಾರ್ ಕೊಟ್ಟಿದ್ದಾನೆ. 'ಎಲ್ಲ ಸರಿ ಇದೆ ಅಂದಳು, ಒಳ್ಳೆಯ ಹುಡುಗಿ' ಅಂತ ಬರೆದಿದ್ದಾನೆ. ಅದನ್ನು ಓದಿದಾಗಿನಿಂದ ನನಗೆ ನಿದ್ದೆ ಇಲ್ಲ."

ನನ್ನ ಪ್ರೊಬೇಷನ್ ಆರು ತಿಂಗಳು. ಮುಗಿಯಲು ಇನ್ನು ಮೂರು ತಿಂಗಳಿತ್ತು. ಖಾಯಂ ಆದರೆ ವೀಸಾ ಮುಂದುವರಿಯುತ್ತದೆ, ಇಲ್ಲದಿದ್ದರೆ ಸೂಟ್‌ಕೇಸ್ ಕಟ್ಟಬೇಕು.

"ಅಷ್ಟರಲ್ಲಿ ಎದುರಿಗೆ ನಿಂತು 'ಇಲ್ಲ' ಅನ್ನುವುದನ್ನು ಕಲಿ" ಎಂದರು. "ಕಲಿಯದಿದ್ದರೆ ನಾನು ನಿನಗೆ ಇಲ್ಲ ಅನ್ನಬೇಕಾಗುತ್ತದೆ. ನನಗೆ ಅದು ಚೆನ್ನಾಗಿ ಬರುತ್ತದೆ."

೩. ಕನ್ನಡಿ ಮುಂದೆ ಅಭ್ಯಾಸ

ನಾನಿರುವುದು ಹ್ಯಾರೋದ ಒಂದು ಮನೆಯ ಬಾಡಿಗೆ ರೂಮಿನಲ್ಲಿ. ಪಕ್ಕದ ರೂಮಿನಲ್ಲಿ ಒಬ್ಬಳು ನರ್ಸ್. ಎಂಟು ತಿಂಗಳಿಂದ ಒಂದೇ ಅಡುಗೆಮನೆ, ಒಂದೇ ಫ್ರಿಜ್ಜು. ಅವಳ ಬಗ್ಗೆ ನನಗೆ ಗೊತ್ತಿದ್ದದ್ದು ಅವಳು ಓಟ್ಸ್ ಹಾಲು ಕುಡಿಯುತ್ತಾಳೆ ಎನ್ನುವುದು. ನನ್ನ ಬಗ್ಗೆ ಅವಳಿಗೆ ಗೊತ್ತಿದ್ದದ್ದು ಒಗ್ಗರಣೆ ಹಾಕಿದಾಗ ಸ್ಮೋಕ್ ಅಲಾರಂ ಹೊಡೆಯುತ್ತದೆ ಎನ್ನುವುದು.

ಒಂದು ಭಾನುವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಕನ್ನಡಿ ಮುಂದೆ ನಿಂತು, ಇಂಗ್ಲಿಷಿನಲ್ಲಿ ಅಭ್ಯಾಸ ಶುರುಮಾಡಿದೆ. ಮೆತ್ತಗೆ ಹೇಳಿದರೆ ಪ್ರಯೋಜನವಿಲ್ಲ, ಜೋರಾಗಿಯೇ ಹೇಳಬೇಕೆಂದು ಸೂಪರ್‌ವೈಸರ್ ಹೇಳಿದ್ದರು.

"ಕ್ಷಮಿಸಿ, ಇದು ಹೀಗೆ ಮುಂದುವರಿಯಲು ಸಾಧ್ಯವಿಲ್ಲ."

ಕನ್ನಡಿಯಲ್ಲಿದ್ದವಳು ನಂಬಲಿಲ್ಲ. ಇನ್ನೊಂದು ಸಲ ಹೇಳಿದೆ.

"ಇದು ಸುರಕ್ಷಿತ ಅಲ್ಲ. ಇಷ್ಟು ವರ್ಷ ನೀವು ಮುಚ್ಚಿಟ್ಟಿದ್ದೀರಿ. ನಾನು ಕಣ್ಣಾರೆ ನೋಡಿದ್ದೇನೆ. ಇಲ್ಲ. ಇಲ್ಲ ಅಂದರೆ ಇಲ್ಲ."

ಇಪ್ಪತ್ತು ಸಲ ಹೇಳಿದ ಮೇಲೆ ಗಂಟಲು ಕಟ್ಟಿತು, ಕಣ್ಣಲ್ಲಿ ನೀರು ಬಂತು. ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ನರ್ಸ್. ಕೈಯಲ್ಲಿ ದೊಡ್ಡ ಚಾಕೊಲೇಟು. ಎಂಟು ತಿಂಗಳಲ್ಲಿ ಮೊದಲ ಸಲ ನನ್ನ ಕೈ ಹಿಡಿದುಕೊಂಡು, "ಅವನ ಯೋಗ್ಯತೆ ಅಷ್ಟೇ. ನೀನು ಸರಿಯಾಗೇ ಹೇಳಿದೆ. ಫೋನು ಮತ್ತೆ ಎತ್ತಬೇಡ" ಅಂದಳು.

ಯಾವನೂ ಇಲ್ಲ ಎಂದು ಹೇಳಬೇಕಿತ್ತು. ಇಲ್ಲ ಅನ್ನುವುದೇ ಬಾರದ್ದರಿಂದ ತಾನೇ ಇಷ್ಟೆಲ್ಲ ಆದದ್ದು. ಚಾಕೊಲೇಟು ತೆಗೆದುಕೊಂಡೆ. ಅವಳು ಮಂಚದ ಮೇಲೆ ಕೂತು ಒಂದು ಗಂಟೆ ತನ್ನ ಕಥೆ ಹೇಳಿಕೊಂಡಳು. ಅಮ್ಮನಿಗೆ ಆವತ್ತು ಹೆಮ್ಮೆಯಿಂದ "ಒಬ್ಬರ ಜೊತೆ, ಒಂದು ಗಂಟೆ" ಎಂದು ಲೆಕ್ಕ ಕೊಟ್ಟೆ.

ಈಗಲೂ ಫ್ರಿಜ್ಜಿನ ಮುಂದೆ ಸಿಕ್ಕಾಗ ಅವಳು ದನಿ ತಗ್ಗಿಸಿ, "ಅವನು ಮತ್ತೆ ಮೆಸೇಜ್ ಮಾಡಿದನಾ?" ಎಂದು ಕೇಳುತ್ತಾಳೆ. ಇಲ್ಲದ ಹುಡುಗನಿಂದ ನಾನು ಇನ್ನೂ ನಿಧಾನವಾಗಿ ಚೇತರಿಸಿಕೊಳ್ಳುತ್ತಿದ್ದೇನೆ.

೪. ಮೇಲಿದ್ದವರು

ವೆಂಬ್ಲಿಯಲ್ಲಿ, ಈಲಿಂಗ್ ರೋಡಿನ ಹಿಂದಿನ ಬೀದಿಯ ಒಂದು ಗುಜರಾತಿ ಮನೆ. ಅಟ್ಟದ ತುಂಬ ಮದುವೆಗಳಲ್ಲಿ ಬಂದ ರಜಾಯಿಗಳು. ಕೆಳಗಿನ ಅಡುಗೆಮನೆಯ ಸೂರಿನೊಳಗೆ ಹುದುಗಿಸಿದ ದೀಪಗಳಿವೆ, ಅವುಗಳ ಬೆನ್ನು ಅಟ್ಟದ ಕಡೆಗಿರುತ್ತದೆ. ಆ ಬೆನ್ನು ಬಿಸಿ. ಸುತ್ತ ಜಾಗ ಬಿಟ್ಟು ಮೇಲೊಂದು ಟೋಪಿಯಂಥ ಮುಚ್ಚಳ ಕೂರಿಸಬೇಕು. ಇಲ್ಲಿ ಮುಚ್ಚಳದ ಬದಲು ರಜಾಯಿ. ಒಂದನ್ನು ಎತ್ತಿದೆ, ದೋಸೆಯಷ್ಟಗಲ ಕಂದು ಕಲೆ. ಮುಟ್ಟಿದರೆ ಬೆಚ್ಚಗಿತ್ತು.

ಹೆದರಿಕೆಗೆ ನನ್ನ ಬಾಯಿಂದ ನನಗೇ ಪರಿಚಯವಿಲ್ಲದ ದನಿ ಹೊರಟಿತು.

"ಅಡುಗೆಮನೆ ದೀಪ ಆರಿಸಿ. ಈಗಲೇ. ನಾನು ಹೇಳುವವರೆಗೆ ಹಾಕಕೂಡದು."

ಕೆಳಗೆ ಸೊಸೆ ರೊಟ್ಟಿ ಬೇಯಿಸುತ್ತಿದ್ದಳಂತೆ, ಮಾವ ಊಟಕ್ಕೆ ಕೂತಿದ್ದರಂತೆ. ದೀಪದ ಸಂದಿಯಿಂದ ಹೆಣ್ಣು ದನಿಯೊಂದು ಆಜ್ಞೆ ಮಾಡಿದ್ದೇ ತಡ, ಮಾವ ಎದ್ದು ದೀಪ ಆರಿಸಿ ಕೈಜೋಡಿಸಿ ನಿಂತರು. ಪುಟ್ಟ ಮೊಮ್ಮಗಳು ಕಪಾಟಿನ ಮೇಲಿದ್ದ ಮಾತಾಡುವ ಸ್ಪೀಕರನ್ನು "ಅದು ನೀನಾ?" ಎಂದು ಕೇಳಿದಳು. ಅದು, ಕ್ಷಮಿಸಿ, ನನಗೆ ಗೊತ್ತಿಲ್ಲ ಅಂದಿತು.

ಮುಖ ಕಾಣದಿದ್ದರೆ ನನಗೆ ಮಾತು ಬರುತ್ತದೆ ಎಂದು ಆವತ್ತು ಗೊತ್ತಾಯಿತು. ಖುಷಿಯಲ್ಲಿ ಇಳಿದೆ. ಇಳಿದ ಕೂಡಲೇ ಮನೆಯವರೆಲ್ಲ ನನ್ನನ್ನೇ ನೋಡಿದರು. ನನ್ನ ದನಿ ಮೇಲೆಯೇ ಉಳಿದುಬಿಟ್ಟಿತ್ತು.

"ನಿಮಗೆ ತೊಂದರೆ ಇಲ್ಲ ಅಂದರೆ... ಅಂದರೆ ಪರವಾಗಿಲ್ಲ... ನೋಡಿ..." ಎಂದು ನಿಂತೆ.

ಮಾವ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಮತ್ತೆ ಸೂರಿನ ಕಡೆ ಮುಖ ಮಾಡಿದರು. "ನೀನು ಇರು ಬೇಟಾ. ಮೇಲಿದ್ದವರು ಏನನ್ನುತ್ತಾರೆ?"

ನಾನು ಮತ್ತೆ ಏಣಿ ಹತ್ತಿ, ತಲೆಯನ್ನು ಕತ್ತಲಲ್ಲಿ ಇಟ್ಟುಕೊಂಡು, ಮೇಲಿದ್ದವರು ಏನನ್ನುತ್ತಾರೆಂದು ಹೇಳಿ ಬಂದೆ.

ಅದಾದ ಮೇಲೆ ಎರಡು ತಿಂಗಳು ಎಲ್ಲ ಮನೆಗಳಲ್ಲೂ ಹೀಗೇ ನಡೆಸಿದೆ. ಸೂಪರ್‌ವೈಸರ್ ಕಿವಿಗೆ ಬಿದ್ದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಜನಕ್ಕೆ ನಿನ್ನ ಮುಖ ಕಾಣಬೇಕು. ನೀನು ಸರ್ವೇಯರ್. ದೇವರಲ್ಲ."

೫. ಒಂದೇ ಒಂದು ಸೀನು

ಪ್ರೊಬೇಷನ್ನಿನ ಕೊನೆಯ ವಾರ ಸೂಪರ್‌ವೈಸರ್ ಒಂದು ಪರೀಕ್ಷೆ ಇಟ್ಟರು. ಹ್ಯಾರೋದಲ್ಲೇ ಒಂದು ಮನೆ. ಬೆಳಿಗ್ಗೆ ನಾನು ನೋಡಬೇಕು, ಸರಿ ಇದ್ದರೆ ಆಗಲೇ ಹಾಸು. ಕೆಲಸಗಾರರಿಬ್ಬರೂ ವ್ಯಾನಿನಲ್ಲಿ ಹೊರಗೆ ಕಾಯುತ್ತಿರುತ್ತಾರೆ. "ಸಂಜೆ ನಾನು ಆ ಮನೆಗೆ ಫೋನು ಮಾಡಿ ಒಂದೇ ಪ್ರಶ್ನೆ ಕೇಳುತ್ತೇನೆ: ಅವಳು ನಿಮ್ಮ ಎದುರಿಗೆ ನಿಂತು ಹೇಳಿದಳೇ?"

ಬಾಗಿಲು ತೆಗೆದವರು ನನ್ನ ಬ್ಯಾಡ್ಜಿನ ಹೆಸರು ಓದಿ, "ಕನ್ನಡದವರಾ?" ಅಂದರು. ಕ್ಯಾನರಿ ವಾರ್ಫಿನ ಬ್ಯಾಂಕೊಂದರಲ್ಲಿ ರಿಸ್ಕ್ ಮ್ಯಾನೇಜರ್. ವಿಜಯಪುರದವರು. ಒಳಗಿಂದ ಅವರ ತಾಯಿ ಬಂದರು. ಇಳಕಲ್ ಸೀರೆ, ಮೇಲೆ ಮಗನ ಹಳೇ ಸ್ವೆಟರ್, ಕಾಲಿಗೆ ಉಣ್ಣೆ ಕಾಲುಚೀಲ.

"ನಮ್ ಕಡೀ ಹುಡುಗಿ ಅಟ್ಟ ಹತ್ತತಾಳಂತ?" ಎಂದು ಮಗನನ್ನು ಕೇಳಿದರು. "ಯಾಕ, ಇವರ ಕಂಪನ್ಯಾಗ ಗಂಡಸರು ಯಾರೂ ಸಿಗಲಿಲ್ಲೇನು? ತಂಗಿ, ಮೊದಲ ಕೂಡು. ಶೇಂಗಾ ಹೋಳಿಗಿ ಮಾಡೀನಿ."

ಇಂಗ್ಲಿಷಿನಲ್ಲೇ ಇಲ್ಲ ಎನ್ನಲು ಬಾರದವಳು, ಕೈಯಲ್ಲಿ ಹೋಳಿಗೆ ಹಿಡಿದ ಅಜ್ಜಿಗೆ ಕನ್ನಡದಲ್ಲಿ ಇಲ್ಲ ಎನ್ನುವುದು ಹೇಗೆ? ಎರಡು ತಿಂದು ಏಣಿ ಹತ್ತಿದೆ.

ಮೇಲೆ ಹೋಗಿ ಟಾರ್ಚ್ ಹಾಕಿದ ಕೂಡಲೇ ಕಂಡಿತು. ಬಾತ್‌ರೂಮಿನ ಎಲೆಕ್ಟ್ರಿಕ್ ಶವರ್‌ಗೆ ಹೋಗುವ ದಪ್ಪ ವೈರು. ಮನೆಯಲ್ಲಿ ಅತಿ ಹೆಚ್ಚು ಕರೆಂಟು ಎಳೆಯುವುದೇ ಅದು. ಮನೆಯ ಹಳೇ ಮಾಲೀಕನೋ ಯಾರೋ ಅದಕ್ಕೊಂದು ತುಂಡು ಸೇರಿಸಿ ಉದ್ದ ಮಾಡಿದ್ದರು. ಸೇರಿಸಿದ ಜಾಗಕ್ಕೆ ಪೆಟ್ಟಿಗೆ ಇಲ್ಲ, ಬರೀ ಕಪ್ಪು ಟೇಪು ಸುತ್ತಿ ಬಿಟ್ಟಿದ್ದರು. ಟೇಪು ಕರಗಿ ಹಳೇ ಬೆಲ್ಲದ ಹಾಗೆ ಹೊಳೆಯುತ್ತಿತ್ತು. ಇದರ ಮೇಲೆ ಇವತ್ತು ಗೇಣು ದಪ್ಪದ ಹಾಸು ಬಿದ್ದರೆ, ನಾಳೆ ಅಜ್ಜಿ ಬಿಸಿನೀರಿನ ಸ್ನಾನಕ್ಕೆ ಹೋದಾಗ ಏನು ಬೇಕಾದರೂ ಆಗಬಹುದು.

ಅಭ್ಯಾಸಬಲದಿಂದ ಮೇಲಿಂದಲೇ ಹೇಳಿದೆ. "ಸರ್, ಶವರ್ ವೈರಿನ ಜಾಯಿಂಟು ಸರಿ ಇಲ್ಲ."

ಮಗ ಏಣಿಯ ಬುಡದಲ್ಲಿ ನಿಂತಿದ್ದರು. "ನಾವು ಈ ಮನೆಗೆ ಬಂದು ಹತ್ತು ವರ್ಷ ಆಯ್ತು ಮೇಡಂ. ಒಂದಿನಾನೂ ಏನೂ ಆಗಿಲ್ಲ. ನನ್ನ ಕೆಲಸಾನೇ ರಿಸ್ಕ್ ಅಳೆಯೋದು. ನಮ್ಮಲ್ಲಿ ಇಂಥದ್ದಕ್ಕೆ ಆಂಬರ್ ಅಂತೀವಿ, ಸಿಗ್ನಲ್ಲಿನ ಹಳದಿ ದೀಪ ಇದ್ದ ಹಾಗೆ. ಆಂಬರ್ ಅಂದ್ರೆ ಗಮನ ಇಟ್ಕೊಂಡು ಮುಂದುವರಿಬಹುದು. ವ್ಯಾನ್ ಬೇರೆ ಬಂದು ನಿಂತಿದೆ, ನಾನು ರಜೆ ಹಾಕಿದೀನಿ. ಇವತ್ತು ಮುಗಿಸಿಬಿಡೋಣ."

ಮೇಲಿದ್ದವರ ಮಾತಿಗೆ ವೆಂಬ್ಲಿಯಲ್ಲಿದ್ದ ಬೆಲೆ ಹ್ಯಾರೋದಲ್ಲಿ ಇರಲಿಲ್ಲ. ಇನ್ನು ಇಳಿದು, ಎದುರು ನಿಂತು ಹೇಳಬೇಕು. ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಡಲು ಆಗಲಿಲ್ಲ. ಧೂಳಿನಲ್ಲಿ ಮಂಡಿಯೂರಿ ಕೂತು, ಬೆಂಗಳೂರಿಗೆ ಟಿಕೆಟ್ಟು ಯಾವಾಗ ಮಾಡಿಸಬೇಕೆಂದು ಯೋಚಿಸುತ್ತಿದ್ದೆ. ಆಗ ಸೀನು ಬಂತು.

ಒಂದೇ ಒಂದು. ಆದರೆ ಜೋರಾಗಿ.

ಕೆಳಗೆ ಅಜ್ಜಿಯ ದನಿ. "ಒಂಟಿ ಸೀನು."

"ಅವ್ವಾ, ಧೂಳಿಗೆ ಬಂದೈತಿ ಅದು" ಎಂದರು ಮಗ.

"ಧೂಳಿಗೆ ಬಂದಿದ್ರ ನಾಕೈದು ಬರತಿದ್ವು. ಇದು ಒಂದ ಬಂದು ನಿಂತೈತಿ. ಯಾಕ ನಿಂತೈತಿ ಹೇಳು?"

ರಿಸ್ಕ್ ಮ್ಯಾನೇಜರ್ ಬಾಯಿ ತೆರೆಯುವ ಮುಂಚೆಯೇ ಅಜ್ಜಿ ಮುಂದುವರಿಸಿದರು.

"ಒಂಟಿ ಸೀನಿಗೆ ಯಾವ ಕೆಲಸಾನೂ ಸುರು ಮಾಡಬಾರದು. ನಿಮ್ಮಪ್ಪ ನನ್ನ ಮಾತ ಕೇಳಲಾರದ ಸೊಲ್ಲಾಪುರಕ್ಕ ಹೋದ್ರು. ಹೋಗೂಮುಂದ ಎರಡು ಚಪ್ಪಲಿ, ಬರೂಮುಂದ ಒಂದ. ವ್ಯಾನಿನವರಿಗೆ ಹೋಗ್ರಿ ಅಂತ ಹೇಳು."

"ಅವ್ವಾ, ಇದು ಲಂಡನ್ ಐತಿ."

"ಲಂಡನ್ನಿನಾಗ ಮೂಗು ಬ್ಯಾರೆ ಇರತಾವೇನು?"

ಆಮೇಲೆ ಮಗ ತಲೆಯೆತ್ತಿ, ದನಿ ತಗ್ಗಿಸಿ ಕೇಳಿದರು. "ಮೇಡಂ, ತಪ್ಪು ತಿಳ್ಕೋಬೇಡಿ. ಇನ್ನೊಂದು ಸಲ ಸೀನ್ತೀರಾ? ಜೋಡಿ ಆದ್ರೆ ನಮ್ಮವ್ವಂದು ಏನೂ ತಕರಾರಿಲ್ಲ."

ಅವರು ಕೇಳುವ ಹೊತ್ತಿಗೆ ನಿಜವಾಗಿಯೂ ಎರಡನೆಯದು ಹೊರಟಿತ್ತು. ಮೂಗಿನ ತುದಿ ಕೆರೆಯುತ್ತಿತ್ತು, ಕಣ್ಣಲ್ಲಿ ನೀರು. ಇದೊಂದು ಹೊರಬಿದ್ದರೆ ಜೋಡಿಯಾಗುತ್ತದೆ, ವ್ಯಾನಿನ ಬಾಗಿಲು ತೆರೆಯುತ್ತದೆ, ಆ ಟೇಪಿನ ಮೇಲೆ ಹಾಸು ಬೀಳುತ್ತದೆ. ನಾನು ಹೆಬ್ಬೆರಳು ತೋರುಬೆರಳಿನಲ್ಲಿ ಮೂಗನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಹಿಡಿದುಕೊಂಡೇ, ಒಂದೇ ಕೈಯಲ್ಲಿ ಏಣಿ ಇಳಿದೆ. ಮೇಲೆ ಇನ್ನೊಂದು ಕ್ಷಣ ಕೂತಿದ್ದರೆ ಧೂಳು ಗೆಲ್ಲುತ್ತಿತ್ತು.

ತಾಯಿ ಮಗ ಇಬ್ಬರೂ ನನ್ನ ಮೂಗನ್ನೇ ನೋಡುತ್ತಿದ್ದರು.

"ಬರ್ತಿದೆಯಾ?" ಎಂದರು ಮಗ, ಆಸೆಯಿಂದ.

"ಇಲ್ಲ" ಅಂದೆ.

ಮೂಗು ಹಿಡಿದ ದನಿಯಲ್ಲಿ ಅದು ಬಾತುಕೋಳಿ ಕೂಗಿದಂತೆ ಕೇಳಿಸಿತು. ಆದರೂ ಎದುರಿಗೆ ನಿಂತು, ಕಣ್ಣಲ್ಲಿ ಕಣ್ಣಿಟ್ಟು ನಾನು ಆಡಿದ ಮೊದಲ ಇಲ್ಲ ಅದು. ಅದೊಂದು ಹೊರಬಿದ್ದ ಮೇಲೆ ಉಳಿದದ್ದು ಬೆನ್ನಿಗೇ ಬಂತು.

"ಸೀನೂ ಬರಲ್ಲ, ಕೆಲಸಾನೂ ಆಗಲ್ಲ. ನೀವು ಆಂಬರ್ ಅನ್ನಿ ಏನಾದ್ರೂ ಅನ್ನಿ, ಆ ಜಾಯಿಂಟು ಸುಟ್ಟಿದೆ. ಫೋಟೋ ನೋಡಿ. ಎಲೆಕ್ಟ್ರಿಷಿಯನ್ ಬಂದು ವೈರು ಬದಲಾಯಿಸೋ ತನಕ ಶವರ್ ಹಾಕಬಾರದು. ಬಾತ್‌ರೂಮಿನ ಹಗ್ಗ ಎಳೆಯೋ ಸ್ವಿಚ್ಚು ನಾನೇ ಆಫ್ ಮಾಡಿ ಹೋಗ್ತೀನಿ. ಅಜ್ಜಿಗೆ ಬಕೆಟ್ಟಲ್ಲಿ ನೀರು ಕೊಡಿ."

ಮಗ ಫೋಟೋ ದೊಡ್ಡದು ಮಾಡಿ ನೋಡಿದರು. ಅಜ್ಜಿ ಮಗನ ಕಡೆ ತಿರುಗಿ, "ನಾ ಹೇಳಿದ್ನಿಲ್ಲೋ" ಅಂದರು. ನನ್ನ ಕೆಲಸದ ಪೂರ್ತಿ ಕೀರ್ತಿ ಅಲ್ಲಿಗೆ ನನ್ನ ಮೂಗಿನ ಪಾಲಾಯಿತು.

ಸಂಜೆ ಸೂಪರ್‌ವೈಸರ್ ಫೋನು ಮಾಡಿದಾಗ ಎತ್ತಿದವರೂ ಅಜ್ಜಿಯೇ. ಸೂಪರ್‌ವೈಸರ್ ನನ್ನನ್ನು ಕರೆದು ವರದಿ ಒಪ್ಪಿಸಿದರು. "ಆ ಹಿರಿಯರಿಗೆ ಹೆಚ್ಚು ಇಂಗ್ಲಿಷ್ ಬರುವುದಿಲ್ಲ. ಆದರೂ ಸ್ಪಷ್ಟವಾಗಿ ಹೇಳಿದರು. 'ಶಿ ಸೇ ನೋ. ಗುಡ್ ಗರ್ಲ್. ಗುಡ್ ನೋಸ್.' ನೀನು ಖಾಯಂ." ಆಮೇಲೆ ಕನ್ನಡಕದ ಮೇಲಿಂದ ನನ್ನ ಮೂಗನ್ನು ಬಹಳ ಹೊತ್ತು ನೋಡಿದರು.

೬. ಜೋಡಿ

ಹಿಡಿದಿಟ್ಟ ಆ ಎರಡನೇ ಸೀನು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಆಮೇಲೆ ಬರಲೇ ಇಲ್ಲ.

ಎಲೆಕ್ಟ್ರಿಷಿಯನ್ ಟೇಪು ಬಿಚ್ಚಿದಾಗ ಒಳಗೆ ತಾಮ್ರವೇ ಕರಕಲಾಗಿತ್ತಂತೆ. ಮಗ ನನಗೊಂದು ಮೆಸೇಜು ಕಳಿಸಿದರು. "ಆಂಬರ್ ಅಲ್ಲ. ರೆಡ್." ಹೊಸ ವೈರು ಬಂತು, ಮುಂದೆ ಬರುವ ಹಾಸಿನ ಮೇಲಿರುವಂತೆ ಎತ್ತಿ ಕಟ್ಟಿದ್ದಾಯಿತು, ಕೆಲಸಕ್ಕೆ ದಿನ ಗೊತ್ತಾಯಿತು. ಅಷ್ಟರಲ್ಲಿ ಆ ಮನೆಯಿಂದ ಆಫೀಸಿಗೆ ಫೋನು.

ಸೂಪರ್‌ವೈಸರ್ ಚೀಟಿಯಲ್ಲಿ ಬರೆದುಕೊಂಡದ್ದನ್ನು ಓದಿದರು. "ಕೆಲಸ ಶುರುವಾಗುವ ಮುಂಚೆ ಅದೇ ಹುಡುಗಿ ಬಂದು ಇನ್ನೊಂದು ಮಾಡಿ ಹೋಗಬೇಕಂತೆ. ಇನ್ನೊಂದು ಏನು?"

"ಸರ್ವೇ" ಅಂದೆ.

ಹೋದರೆ, ವ್ಯಾನಿನ ಇಬ್ಬರು ಕೆಲಸಗಾರರು ಹಾಸಿನ ಸುರುಳಿಗಳನ್ನು ಹೊತ್ತು ಹಾಲಿನಲ್ಲಿ ಸಾಲಾಗಿ ನಿಂತಿದ್ದರು. ಮಗ ಲ್ಯಾಪ್‌ಟಾಪ್ ಮುಚ್ಚಿಟ್ಟು ಬಂದಿದ್ದರು. ಅಜ್ಜಿಯ ಸೊಸೆ ಅಡುಗೆಮನೆ ಬಾಗಿಲಲ್ಲಿ. ಅಜ್ಜಿ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಬಂದ್ಯಾ ತಂಗಿ? ಅರ್ಧಾ ಬಿಟ್ಟ ಹೋಗೀದಿ ನೋಡು. ಸೀನು."

ನಾನು ಪ್ರಯತ್ನಪಟ್ಟೆ. ದೀಪ ನೋಡಿದೆ, ಮೂಗು ತಿಕ್ಕಿದೆ, ಅಟ್ಟದೊಳಗೆ ತಲೆ ಹಾಕಿ ಧೂಳು ಎಳೆದುಕೊಂಡೆ. ಬರಲಿಲ್ಲ. ಕೆಲಸಗಾರರಲ್ಲಿ ದೊಡ್ಡವನು, "ಇದೇನು, ಸುರಕ್ಷತಾ ತಪಾಸಣೆಯಾ?" ಎಂದು ಕೇಳಿದ. "ಒಂಥರಾ" ಎಂದರು ಮಗ.

ಅಜ್ಜಿ ಸೊಂಟದಿಂದ ಒಂದು ಪುಟ್ಟ ಡಬ್ಬಿ ತೆಗೆದರು. ನಶ್ಯ.

"ಅವ್ವಾ, ಇದನ್ನ ಬಿಟ್ಟೀನಿ ಅಂದಿದ್ದಿ" ಎಂದರು ಮಗ.

"ಇದು ನನಗಲ್ಲ, ಕೆಲಸಕ್ಕ" ಎಂದು ಅಜ್ಜಿ ಒಂದು ಚಿಟಿಕೆ ನನ್ನ ಕೈಗೆ ಹಾಕಿದರು. ಬೇಡ ಎನ್ನಬಹುದಿತ್ತು. ಈಗ ನನಗೆ ಅದು ಬರುತ್ತದೆ. ಅನ್ನಲಿಲ್ಲ.

ಮೂಗಿಗೇರಿಸಿದ ಮೇಲೆ ಒಂದು ಕ್ಷಣ ಏನೂ ಇಲ್ಲ. ಆಮೇಲೆ ಶುರುವಾಯಿತು. ಒಂದು, ಎರಡು. ಅಜ್ಜಿ, "ಆತು, ಜೋಡಿ ಆತು, ಹತ್ರಿ ಮ್ಯಾಲೆ" ಅನ್ನುವಷ್ಟರಲ್ಲಿ ಮೂರನೆಯದು ಬಂತು. ಏಣಿಗೆ ಕಾಲಿಟ್ಟಿದ್ದ ಕೆಲಸಗಾರ ಕಾಲು ಕೆಳಗಿಟ್ಟ. ನಾಲ್ಕು, ಇಟ್ಟ ಕಾಲು ಮತ್ತೆ ಮೇಲೆ. ಐದು, ಕೆಳಗೆ. ನಿಯಮ ಏನೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಅಜ್ಜಿಯ ಮುಖ ನೋಡಿಯೇ ಕಲಿತುಕೊಂಡಿದ್ದ. ಒಂಬತ್ತಕ್ಕೆ ಸೊಸೆ ನೀರು ತಂದಳು. "ಕುಡೀಬ್ಯಾಡ ಈಗ, ಬೆಸ ಐತಿ" ಎಂದು ಅಜ್ಜಿ ಲೋಟ ಹಿಂದೆ ಕಳಿಸಿದರು. ಹತ್ತು, ಹನ್ನೊಂದು, ಹನ್ನೆರಡು, ಹದಿಮೂರು.

ಹದಿಮೂರಕ್ಕೆ ನಿಂತುಬಿಟ್ಟಿತು.

ಹಾಲಿನಲ್ಲಿ ಯಾರೂ ಅಲುಗಲಿಲ್ಲ. ಐದು ಜನ, ಹತ್ತು ಕಣ್ಣು, ಎಲ್ಲ ನನ್ನ ಮುಖದ ಮೇಲೆ. ಇನ್ನೊಂದು ದಿನವಾಗಿದ್ದರೆ ನಾನು ಸತ್ತೇಹೋಗುತ್ತಿದ್ದೆ. ಆವತ್ತು ಹಾಗನಿಸಲಿಲ್ಲ. ರೂಮಿನಲ್ಲಿ ನಾನು ಸೀನಿದರೆ ಗೋಡೆಗೂ ತಿಳಿಯುವುದಿಲ್ಲ. ಈ ಊರಿಗೆ ಬಂದ ಮೇಲೆ ಇಷ್ಟು ಜನ ಒಟ್ಟಿಗೆ ನಿಂತು ನನಗಾಗಿ ಉಸಿರು ಹಿಡಿದು ಕಾದದ್ದು ಅದೇ ಮೊದಲು. ಇನ್ನೂ ಸ್ವಲ್ಪ ಹೊತ್ತು ಬರದಿದ್ದರೂ ಪರವಾಗಿಲ್ಲ ಅನಿಸಿತು.

ಬಂತು.

"ಹದಿನಾಕು" ಎಂದರು ಅಜ್ಜಿ, ನನ್ನ ತಲೆಯ ಮೇಲೆ ಕೈಯಿಟ್ಟು. "ನೂರು ವರ್ಷ ಬಾಳು ನನ್ನವ್ವ. ಉಂಡು ಹೋಗು." ಬೆರಳು ಮಡಚಿ ಎಣಿಸುತ್ತಿದ್ದ ದೊಡ್ಡ ಕೆಲಸಗಾರ, "ಹದಿನಾಲ್ಕು ಅಂದರೆ ನಮ್ಮದು, ಅಲ್ಲವಾ?" ಎಂದು ಸುರುಳಿ ಹೊತ್ತು ಏಣಿ ಹತ್ತಿದ.

ಸಂಜೆ ಅಮ್ಮ ಫೋನು ಮಾಡಿದಳು.

"ಇವತ್ತು ಎಷ್ಟು ಜನರ ಜೊತೆ ಮಾತಾಡಿದೆ?"

"ಐದು ಜನ ಇದ್ರು ಅಮ್ಮ."

"ಐದು ಜನಾನಾ?" ಅಮ್ಮನಿಗೆ ಖುಷಿ ತಡೆಯಲಾಗಲಿಲ್ಲ. "ಏನು ಮಾತಾಡಿದೆ?"

"ಮಾತೇನೂ ಆಡ್ಲಿಲ್ಲ" ಅಂದೆ. "ಸೀನಿದೆ."